ಉರುಫ್

ಸ್ವಾಮಿ ಬಂದಾಗ ಭಾನುಪ್ರಿಯ ಮಗಳ ಮೂಗು ಒರೆಸುತ್ತಿದ್ದಳು. ಎರಡೂವರೆ ವರ್ಷದ ನವ್ಯಶ್ರೀಗೆ ಮಳೆಗಾಲ ಬೇಸಿಗೆ ಎನ್ನದೆ ಮೂಗು ಸೋರುವುದು ಇದ್ದೇ ಇತ್ತು. ಬೆಳೀತಾ ಬೆಳೀತಾ ಹೋಗುತ್ತೆ ಎಂದು ಬಿಡದಿಯ ಡಾಕ್ಟರು ಹೇಳಿ ಕಳಿಸಿದ್ದರು. ಸ್ವಾಮಿ ಮಾಗಡಿ ಕಡೆಯ ಕಲ್ಯದವನು, ಅವಳ ಮಾವನ ಹೊಲದ ಪಕ್ಕದ ಹೊಲದವನು. ಒಂದು ಚೀಲ ಮಾವಿನಹಣ್ಣನ್ನು ಬಾಗಿಲ ಪಕ್ಕ ಇಟ್ಟು ಒಳಗೆ ಬಂದು, ಕುರ್ಚಿ ತೋರಿಸಿದರೂ ನೆಲದ ಮೇಲೇ ಕೂತ.

ಗಂಡ ಅಶ್ವಥ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಕಾರ್ಖಾನೆಯ ಬೆಳಗಿನ ಪಾಳಿಗೆಂದು ಹೊರಟವನು ಮೈಸೂರು ರಸ್ತೆಯ ಆಚೆ ದಡ ಸೇರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಆ ದಿನದಿಂದ ಭಾನುಪ್ರಿಯ ಇಡೀ ಮೈಯಲ್ಲಿ ಹಾಗೆಯೇ ಇದ್ದಳು. ಬಂದವರು ಗಟ್ಟಿಗಿತ್ತಿ ಎಂದರು. ಅವಳು ಹಾಲು ಕಾಯಿಸಿದಳು, ಮಗುವಿನ ಉಗುರು ಕತ್ತರಿಸಿದಳು, ಅಶ್ವಥನ ಅಂಗಿಗಳನ್ನು ಒಗೆದು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಅಳು ಮಾತ್ರ ಬರಲಿಲ್ಲ. ಬರಲೆಂದು ಅವಳೂ ಕಾಯಲಿಲ್ಲ.

"ಅತ್ಗೆ, ತಪ್ಪು ತಿಳ್ಕಬ್ಯಾಡಿ," ಅಂದ ಸ್ವಾಮಿ. "ಸರ್ವೆ ನಂಬ್ರು ನಲ್ವತ್ತೇಳ್ರ ಎರಡು ಐತಲ್ಲ, ಒಂದೆಕ್ರೆ ಎಂಟು ಗುಂಟೆ, ಅದು ಪಾಣೀಲಿ ನಮ್ಮಪ್ಪನ ಹೆಸ್ರಲ್ಲೈತೆ. ನಾನು ಪೌತಿ ಖಾತೆಗೆ ಹಾಕಿವ್ನಿ."

ಪೌತಿ ಖಾತೆ ಎಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮಾವ ಹೋದಾಗಲೇ ಮಾಡಿಸಬೇಕಿತ್ತು. ಮುಂದಿನ ತಿಂಗಳು, ಯುಗಾದಿ ಕಳೀಲಿ ಎನ್ನುತ್ತಾ ಅಶ್ವಥ್ ತಾನೇ ಹೋಗಿಬಿಟ್ಟಿದ್ದ.

"ನಮ್ಮ ಮಾವನ ಹೊಲ ನಿಮ್ಮಪ್ಪನ ಹೆಸರಲ್ಲಿ ಹೆಂಗಿರುತ್ತೆ?"

"ಇಬ್ರೂ ಚೆಲುವಯ್ಯನೇ ಅಲ್ವಾ ಅತ್ಗೆ? ಇಬ್ರಪ್ಪಂದ್ರೂ ಅಂಕಯ್ಯನೇ. ಕಂಪ್ಯೂಟ್ರು ಚೆಲುವಯ್ಯ ಬಿನ್ ಅಂಕಯ್ಯ ಅಂತದೆ. ನಾನೇನ್ ಮಾಡ್ಲಿ? ಅಣ್ಣನ ಗುಡ್ಡೆ ಇರೋ ಜಾಗ ನಾನು ಮುಟ್ಟಾಕಿಲ್ಲ, ದೇವ್ರಾಣೆ."

ಅತ್ತೆ ಬೋರಮ್ಮ ಅಡುಗೆಮನೆಯಿಂದಲೇ ಬಾಯಿ ಹಾಕಿದಳು. "ಮುಟ್ಟಾಕಿಲ್ವಂತೆ! ಮಾಯ್ನಣ್ಣು ತಂದವ್ನೆ ನೋಡವ್ವ ದೊಡ್ಡ ಮನ್ಸ. ಎಲ್ಲೀವ್ಲಾ ಅವು? ನಮ್ಮ ಬದೀನವೇ ತಾನೆ?"

ಸ್ವಾಮಿ ತಲೆ ಕೆರೆದುಕೊಂಡ. "ಒಳ್ಳೆ ಸಿಹಿ ಅವೆ ದೊಡ್ಡವ್ವ."

ಅಶ್ವಥನನ್ನು ಮಣ್ಣು ಮಾಡಿದ್ದು ಆ ಹೊಲದ ಹೊಂಗೆ ಮರದ ಕೆಳಗೆ. ಅವನು ಮಗಳಿಗೆ ಬಿಟ್ಟುಹೋದದ್ದು ಎಂದರೆ ಅದೊಂದೇ. ಸ್ವಾಮಿ ತೋರಿಸಿದ ನೋಟಿಸಿನ ಪ್ರಕಾರ ತಕರಾರು ಹೇಳಲು ಇನ್ನು ಹನ್ನೆರಡು ದಿನ ಉಳಿದಿತ್ತು. ಅಷ್ಟರೊಳಗೆ ಯಾರೂ ಏನೂ ಹೇಳದಿದ್ದರೆ ಹೊಲ, ಮರ, ಮರದ ಕೆಳಗಿನ ಗುಡ್ಡೆ ಎಲ್ಲ ಸ್ವಾಮಿಯದು.

ಅವನು ಹೋದ ಮೇಲೆ ಭಾನುಪ್ರಿಯ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಫೋನಿನಲ್ಲಿ ಹೊಲದ ಪಹಣಿ, ಊರವರ ಬಾಯಲ್ಲಿ ಪಾಣಿ, ಹುಡುಕಿದಳು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು. ಸ್ವಾಮಿ ಹೇಳಿದ್ದು ಸುಳ್ಳಲ್ಲ. ಒಂಬತ್ತನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು: ಚೆಲುವಯ್ಯ ಬಿನ್ ಅಂಕಯ್ಯ. ಪಕ್ಕದ ನಲವತ್ತೇಳರ ಮೂರನ್ನು ತೆಗೆದಳು. ಅದು ಸ್ವಾಮಿಯ ಅಪ್ಪನದು. ಅಲ್ಲೂ ಚೆಲುವಯ್ಯ ಬಿನ್ ಅಂಕಯ್ಯ. ಎರಡು ಹೊಲ, ಇಬ್ಬರು ಸತ್ತವರು, ಒಂದೇ ಹೆಸರು.

"ಮೊದ್ಲು ಹಿಂಗಿರ್ಲಿಲ್ಲ ಕನವ್ವ," ಅಂದಳು ಬೋರಮ್ಮ. "ನಮ್ಮದ್ರಲ್ಲಿ ಹೆಸ್ರು ಬ್ಯಾರೆ ಥರ ಇತ್ತು."

"ಏನಂತ ಇತ್ತು?"

"ಅದ ನಾನೆಂಗೇಳ್ಲಿ."

"ಅಂದ್ರೆ ಜ್ಞಾಪಕ ಇಲ್ವಾ?"

ಬೋರಮ್ಮ ಮೊಮ್ಮಗಳ ಮೂಗನ್ನು ಸೆರಗಿನಿಂದ ಒರೆಸಿ, ಆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದುಹೋದಳು. ಗಂಡನ ಹೆಸರು ಹೇಳದ ಕಾಲದ ಹೆಂಗಸು. ರೇಷನ್ ಕಾರ್ಡಿನವರು ಯಜಮಾನರ ಹೆಸರೇನು ಎಂದು ಕೇಳಿದರೂ ಮಗನ ಕಡೆ ಕೈ ತೋರಿಸುತ್ತಿದ್ದಳು. ಭಾನುಪ್ರಿಯ ಒತ್ತಾಯ ಮಾಡಲಿಲ್ಲ.

ಸೋಮವಾರ ಮೂವರೂ ಮಾಗಡಿಗೆ ಬಸ್ಸು ಹತ್ತಿದರು. ತಾಲ್ಲೂಕು ಕಚೇರಿಯ ಕಾಂಪೌಂಡಿನ ಹೊರಗೆ ಒಂದು ಪ್ಲಾಸ್ಟಿಕ್ ಮೇಜು ಹಾಕಿಕೊಂಡು ಬಾಬಾಜಾನ್ ಎಂಬ ಮುದುಕರು ಅರ್ಜಿ ಬರೆಯುತ್ತಿದ್ದರು. ರಾಮನಗರದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಬಿಸಿನೀರಲ್ಲಿ ಬೆಂದ ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. ಭಾನುಪ್ರಿಯ ಪಾಣಿ ಮುಂದಿಟ್ಟಳು. ಅವರು ಕನ್ನಡಕ ಮೇಲೆತ್ತಿ ಹಾಳೆಯನ್ನು ಮೂಗಿನ ಹತ್ತಿರ ತಂದುಕೊಂಡರು.

"ನೋಡಮ್ಮ, ಒಂಬತ್ತನೇ ಕಾಲಂ ಎಲ್ಲಾರೂ ನೋಡ್ತಾರೆ. ಹತ್ತನೇದು ಯಾರೂ ನೋಡಲ್ಲ. ಗೂಡಿನ ಎಳೆ ಇದ್ದಂಗೆ ಅದು. ಕೊನೆ ಸಿಕ್ಕಿದ್ರೆ ಪೂರಾ ಬಿಚ್ಕೊಳ್ತದೆ."

ಹತ್ತನೇ ಕಾಲಮ್ಮಿನಲ್ಲಿ ಎಂ.ಆರ್. ಎಂದು, ಅಂದರೆ ಖಾತೆ ಬದಲಾವಣೆಯ ರಿಜಿಸ್ಟರಿನ, ಒಂದು ನಂಬರು, ಮುಂದೆ 2019-20 ಎಂಬ ವರ್ಷ. ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದರ ಗುರುತು ಅದು.

"ಆ ವರ್ಷ ಏನು ಮಾಡಿಸಿದ್ರಿ? ಭಾಗ ಆಯ್ತಾ? ಕ್ರಯ ಆಯ್ತಾ?"

"ಏನೂ ಇಲ್ಲ. ಆ ವರ್ಷ ನನ್ನ ಮದುವೆ."

"ಮದುವೆ ಎಂ.ಆರ್. ಆಗಲ್ಲ ಬೇಟಿ," ಎಂದು ನಕ್ಕು ಬಾಬಾಜಾನ್ ಪೆನ್ನು ತೆಗೆದರು. ಆ ನಂಬರಿನ ಕಡತದ ದೃಢೀಕೃತ ನಕಲು ಬೇಕೆಂದು ಅರ್ಜಿ ಬರೆದು ಕೊಟ್ಟರು. "ಗುರುವಾರ ಬನ್ನಿ. ಮಗೂಗೆ ಒಂದು ಟೋಪಿ ಹಾಕಿ, ಶೀತ ಆಗೈತೆ ನೋಡಿ."

ಗುರುವಾರ ನಕಲು ಸಿಕ್ಕಿತು. ಮೂರು ಹಾಳೆ. ಭಾನುಪ್ರಿಯ ಕಚೇರಿಯ ಮೆಟ್ಟಿಲ ಮೇಲೆ ಕೂತು, ಮಗುವಿನ ಕೈಗೆ ಒಂದು ಬಿಸ್ಕತ್ತು ಕೊಟ್ಟು, ಮೊದಲ ಹಾಳೆ ತಿರುವಿದಳು. ಎರಡನೆಯ ಹಾಳೆಯ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ಮ ಬರೆಯುವಾಗ ಕೊನೆಯ ಕೊಂಬನ್ನು ಎಳೆದು ಪಕ್ಕದ ಅಕ್ಷರದ ಮೇಲೆ ಹಾಯಿಸುವವನು ಅಶ್ವಥ್ ಒಬ್ಬನೇ. ಕೆಳಗೆ ಅವನ ಅಪ್ಪನ ಹೆಬ್ಬೆಟ್ಟು.

"ಮಾನ್ಯರೇ, ಸದರಿ ಜಮೀನಿನ ಪಹಣಿಯಲ್ಲಿ ನನ್ನ ಹೆಸರು ಚೆಲುವಯ್ಯ ಉರುಫ್ ಗೊಣ್ಣೆ ಬಿನ್ ಅಂಕಯ್ಯ ಎಂದು ನಮೂದಾಗಿರುತ್ತದೆ. ನಾನು ಬಾಲ್ಯದಲ್ಲಿ ಶೀತದಿಂದ ಬಳಲುತ್ತಿದ್ದ ಕಾರಣ ಗ್ರಾಮಸ್ಥರು ಹಾಗೆ ಕರೆಯುತ್ತಿದ್ದರೇ ಹೊರತು ಅದು ನನ್ನ ಹೆಸರಾಗಿರುವುದಿಲ್ಲ. ಈಗ ನನ್ನ ಮಗನಿಗೆ ಸಂಬಂಧ ಕೂಡಿ ಬಂದಿದ್ದು, ಹೆಣ್ಣಿನ ಕಡೆಯವರು ಪಹಣಿ ನೋಡಬೇಕೆಂದು ತಿಳಿಸಿರುತ್ತಾರೆ. ಹುಡುಗಿಯು ವಿದ್ಯಾವಂತಳಾಗಿರುತ್ತಾಳೆ. ಆದ್ದರಿಂದ ಸದರಿ ಉರುಫನ್ನು ತೆಗೆದುಹಾಕಬೇಕಾಗಿ ಪ್ರಾರ್ಥನೆ."

ಹುಡುಗಿಯು ವಿದ್ಯಾವಂತಳಾಗಿರುತ್ತಾಳೆ. ಅದನ್ನು ಅವಳು ಎರಡು ಸಲ ಓದಿದಳು.

ಚನ್ನಪಟ್ಟಣದ ತವರುಮನೆಯ ಹಜಾರದಲ್ಲಿ ಅವಳ ಅಪ್ಪ ಪಾಣಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದ್ದರು. ಎದುರು ಕೂತ ಅಶ್ವಥ್ ಹುಡುಗಿಯನ್ನು ನೋಡದೆ ಆ ಬೆರಳನ್ನೇ ನೋಡುತ್ತಿದ್ದ. ಬೆರಳು ಹೆಸರನ್ನು ದಾಟಿದ ಮೇಲೆ ಕಾಫಿ ಲೋಟ ಎತ್ತಿಕೊಂಡ. ಜಿಪುಣನಿರಬೇಕು, ಎಷ್ಟು ಗುಂಟೆ ಎಂದು ಲೆಕ್ಕ ಹಾಕುತ್ತಿದ್ದಾನೆ ಎಂದು ಅವಳು ಅಂದು ಒಳಗೆ ಹೋಗಿ ಅಕ್ಕನಿಗೆ ಹೇಳಿದ್ದಳು.

"ಅತ್ತೆ, ನಿಮಗೆ ಗೊತ್ತಿತ್ತಾ?"

ಬೋರಮ್ಮ ಹಾಳೆಯ ಕಡೆ ನೋಡಲಿಲ್ಲ. "ಗೊತ್ತಿಲ್ದೆ ಏನು. ನಿನ್ ಮುಂದೆ ಯಾರಾರಾ ಅಂದ್ರೆ ಮನೆ ಬುಟ್ಟು ಹೋಯ್ತೀನಿ ಅಂದಿದ್ದ ನಿನ್ ಗಂಡ. ಊರೋರ್ಗೆಲ್ಲಾ ಹೇಳಿಟ್ಟಿದ್ದ. ಇನ್ನು ನಾನೆಂಗೆ ಅಂದೇನು? ಅವ್ರ ಹೆಸ್ರೇ ಬಾಯಲ್ಲಿ ಬರಾಕಿಲ್ಲ. ಅದ್ರ ಮ್ಯಾಲೆ ಅದು ಬೇರೆ!"

ಬಾಬಾಜಾನ್ ತಕರಾರು ಅರ್ಜಿ ಬರೆದರು. ಕಡತದ ನಕಲನ್ನು ಪಿನ್ನು ಹೊಡೆದು ಸೇರಿಸಿದರು. ಗಡುವಿಗೆ ಇನ್ನೂ ಏಳು ದಿನ ಇತ್ತು.

ವಿಚಾರಣೆಯ ದಿನ ಅಧಿಕಾರಿಯ ಕೋಣೆ ತುಂಬಿತ್ತು. ತಮ್ಮ ತಮ್ಮ ಕೆಲಸಕ್ಕೆ ಬಂದ ಕಲ್ಯದವರೇ ಐದಾರು ಜನ ಗೋಡೆಗೆ ಒರಗಿ ನಿಂತಿದ್ದರು. ಅಧಿಕಾರಿ ವಯಸ್ಸಾದ ಹೆಂಗಸು, ದನಿ ಏರಿಸದವರು. ಕಡತ ಓದಿ ಬೋರಮ್ಮನ ಕಡೆ ತಿರುಗಿದರು.

"ಅಮ್ಮ, ನಿಮ್ಮ ಯಜಮಾನರಿಗೆ ಊರಲ್ಲಿ ಏನಂತ ಕರೀತಿದ್ರು? ನೀವೇ ಹೇಳ್ಬೇಕು, ಸೊಸೆ ಹೇಳಂಗಿಲ್ಲ. ಹೇಳಿಕೆ ಬರ್ಕೋಬೇಕು."

ಬೋರಮ್ಮ ಸೆರಗಿನ ಅಂಚನ್ನು ಬಾಯಿಗೆ ಒತ್ತಿ ನಿಂತಳು. ಬರೆದುಕೊಳ್ಳುವ ಗುಮಾಸ್ತ ಪೆನ್ನು ಎತ್ತಿ ಕಾಯುತ್ತಿದ್ದ. ಭಾನುಪ್ರಿಯಳ ಕಂಕುಳಲ್ಲಿ ಮಗು ಸೊರಸೊರ ಎಂದು ಮೂಗು ಎಳೆದುಕೊಂಡಿತು. ಬೋರಮ್ಮ ಅದರ ಮುಖವನ್ನೇ ನೋಡುತ್ತಾ, ಮಗುವಿಗೆ ಹೇಳುವಂತೆ ಹೇಳಿದಳು:

"ಚೆಲುವಯ್ಯ. ಗೊಣ್ಣೆ ಚೆಲುವಯ್ಯ."

ಯಾರೂ ನಗಲಿಲ್ಲ. ಅಧಿಕಾರಿ ಸ್ವಾಮಿಯನ್ನು ಕರೆದರು. "ನೋಡಿ, ಈ ಹೊಲದ ಮಾಲೀಕರು ಚೆಲುವಯ್ಯ ಉರುಫ್ ಗೊಣ್ಣೆ ಅಂತ ಮೊದಲಿಂದ ದಾಖಲೆ ಇದೆ. ನಿಮ್ಮ ತಂದೆಯವರನ್ನ ಗೊಣ್ಣೆ ಅಂತ ಕರೀತಿದ್ರಾ?"

ಸ್ವಾಮಿ ಹಿಂದೆ ತಿರುಗಿ ಗೋಡೆಗೆ ಒರಗಿದ್ದವರನ್ನು ನೋಡಿದ. ಹೌದು ಎನ್ನುವ ಒಂದು ಮಾತಿಗೆ ಒಂದೆಕರೆ ಎಂಟು ಗುಂಟೆ ನೇತಾಡುತ್ತಿತ್ತು. ಗೋಡೆಯ ಬಳಿಯಿಂದ ಯಾರೋ "ಹೂಂ ಅನ್ಲಾ ಸ್ವಾಮಿ, ಹೂಂ ಅನ್ನು. ನಾಳಿಂದ ಗೊಣ್ಣೆ ಸ್ವಾಮಿ ಅಂತೀವಿ" ಅಂದರು. ಈಗ ಕೋಣೆಯೆಲ್ಲ ನಕ್ಕಿತು.

ಸ್ವಾಮಿಯ ಕಿವಿ ಕೆಂಪಗಾಯಿತು. "ನಮ್ಮಪ್ಪ ಯಾಕೆ ಗೊಣ್ಣೆ ಆದಾನು ಮೇಡಂ! ಮೀಸೆ ಚೆಲುವಯ್ಯ ಅಂದ್ರೆ ಇಡೀ ಹೋಬಳಿಗೇ ಗೊತ್ತು. ಗೊಣ್ಣೆ ಇವ್ರ ಮನೇದು!"

"ಬರ್ಕೊಳ್ರಿ," ಅಂದರು ಅಧಿಕಾರಿ ಗುಮಾಸ್ತನಿಗೆ.

ಸ್ವಾಮಿಯ ಅರ್ಜಿ ವಜಾ ಆಯಿತು. ಆದರೆ ಮುಂದೆ ಇನ್ಯಾವ ಚೆಲುವಯ್ಯನೂ ಬಾರದಿರಲು ಮೊದಲು ಉರುಫ್ ಮತ್ತೆ ಸೇರಿಸಬೇಕು, ಆಮೇಲೆಯೇ ಬೋರಮ್ಮ, ಭಾನುಪ್ರಿಯ, ನವ್ಯಶ್ರೀ ಎಂದು ಪೌತಿ ಖಾತೆ ಎಂದರು ಅಧಿಕಾರಿ. ಅದಕ್ಕೆ ಸೊಸೆಯೇ ಅರ್ಜಿ ಬರೆದರೆ ಸಾಕು. ಮೇಜಿನ ಬಳಿಗೆ ಬಂದಾಗ ಬಾಬಾಜಾನ್ ಪೆನ್ನು ತೆಗೆದರೆ ಭಾನುಪ್ರಿಯ ಬೇಡವೆಂದು ತಾನೇ ಹಾಳೆ ಎಳೆದುಕೊಂಡಳು. ಮಾನ್ಯರೇ ಎಂದು ಶುರುಮಾಡಿ, ಅಶ್ವಥ್ ಆರು ವರ್ಷದ ಕೆಳಗೆ ಬೇಡಿಕೊಂಡು ತೆಗೆಸಿದ್ದನ್ನು ಮರಳಿ ಸೇರಿಸಬೇಕಾಗಿ ಬೇಡಿಕೊಂಡಳು. ಗೊಣ್ಣೆ ಎಂದು ಬರೆಯುವಾಗ ಮಾತ್ರ ಒಂದು ಗಳಿಗೆ ನಿಲ್ಲಿಸಿ, ಅವನು ಅದನ್ನು ಹೇಗೆ ಬರೆದಿದ್ದ ಎಂದು ನಕಲು ತೆಗೆದು ನೋಡಿಕೊಂಡಳು.

ಹೊರಗೆ ಬಸ್ಸಿಗೆ ಕಾಯುತ್ತಿದ್ದಾಗ ಸ್ವಾಮಿ ಬೈಕು ನಿಲ್ಲಿಸಿದ. "ಬತ್ತೀನಿ ದೊಡ್ಡವ್ವ," ಅಂದ, ಮುಖ ನೋಡದೆ.

"ಹೋಗ್ಬಾರಪ್ಪ ಮೀಸೆ ಮಗ್ನೆ. ಹಣ್ಣು ಇನ್ನೂ ಒಸಿ ಅವೆಯಾ ಮರ್ದಲ್ಲಿ?"

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೂರು ಹಾಳೆಗಳನ್ನು ಭಾನುಪ್ರಿಯ ಮಡಿಸದೆ, ಮಗುವಿನ ಬಟ್ಟೆಯ ಚೀಲದಲ್ಲಿ ಟವೆಲ್ಲಿನ ನಡುವೆ ಇಟ್ಟಿದ್ದಳು. ಅವಳಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಮನೆಯಲ್ಲಿ ಹಾಲಿದೆಯೇ ಎಂದು ಯೋಚಿಸಿದಳು. ಇರಲಿಲ್ಲ.

ಮಗುವಿನ ಮೂಗು ಮತ್ತೆ ಸೋರಿ ತುಟಿಯವರೆಗೆ ಬಂದಿತ್ತು. ಬೋರಮ್ಮ ಸೆರಗು ತೆಗೆದಳು. ಭಾನುಪ್ರಿಯ ಅವಳ ಕೈ ತಡೆದು, ಮಗುವಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

"ಇರ್ಲಿ ಅತ್ತೆ," ಅಂದಳು. "ಒಸಿ ಹೊತ್ತು ಇರ್ಲಿ."