ರೋಮಿನ ಕೋಳಿ, ನಮ್ಮ ಹಟ್ಟಿಯ ಹೂವು

ತೊಂಬತ್ತರ ದಶಕದಲ್ಲಿ ಚಳ್ಳಕೆರೆಯ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದೆ. ಯಾರನ್ನೂ ನಂಬುವ ಸ್ವಭಾವ ನನ್ನದಲ್ಲ. ಬಸ್ಸಿನಲ್ಲಿ ಪಕ್ಕದವನು ತೂಕಡಿಸಿದರೂ ನಾಟಕವಿರಬಹುದೆಂದು ಚೀಲ ತಬ್ಬಿಕೊಂಡು ಕೂರುತ್ತಿದ್ದೆ. ಹಾಗಾಗಿ, ಕ್ರೈಸ್ತರಾಗುವ ಮೊದಲಿನ ರೋಮನ್ನರ ದೇವರುಗಳ ಪಾಠ ಬಂದರೆ ನನಗೆ ಹಬ್ಬ. ಒಲೆಗೊಬ್ಬ ದೇವಿ, ಬಾಗಿಲಿಗೊಬ್ಬ ದೇವರು, ಯುದ್ಧಕ್ಕೆ ಹೊರಡಲು ಕೋಳಿಗಳ ಅಪ್ಪಣೆ! ಗೂಡಿನ ಕೋಳಿಗಳ ಮುಂದೆ ಕಾಳು ಎಸೆಯುತ್ತಿದ್ದರು. ಗಬಗಬ ತಿಂದರೆ ದೇವರು ಒಪ್ಪಿದಂತೆ, ಮೂಸದಿದ್ದರೆ ಇಲ್ಲ. ಬೇಡದ ಸಭೆಯನ್ನು ನಿಲ್ಲಿಸಬೇಕಿದ್ದರೆ ಅಧಿಕಾರಿಯೊಬ್ಬ ಆಕಾಶದಲ್ಲಿ ಮಿಂಚು ಕಂಡೆನೆಂದರೆ ಸಾಕಿತ್ತು.

ಮೊಳಕಾಲ್ಮೂರು ಕಡೆಯ ನಮ್ಮ ಹಟ್ಟಿಗೆ ಹೋದಾಗ ತಂಗಿಗೆ ಇದನ್ನೆಲ್ಲ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನಮ್ಮ ಜನ ಕೋಳಿಯನ್ನು ಹಟ್ಟಿಯೊಳಗೇ ಬಿಟ್ಟುಕೊಳ್ಳುವುದಿಲ್ಲ, ಮುಟ್ಟಿದರೆ ಮೈಲಿಗೆ.

“ಅಣ್ಣ, ಹಿಂದಿನ್ ದಿನ ಕೋಳಿಗೆ ಉಪಾಸ ಕೆಡವಿದ್ರೆ?”

“ಹಂಗೇ ಮಾಡ್ತಿದ್ರಂತೆ. ಕೋಳಿ ಕಾಯೋನ ಕೈಯಾಗೇ ಐತೆ ಎಲ್ಲಾ,” ಎಂದೆ.

ಆ ಬೇಸಿಗೆಯಲ್ಲಿ ಅವಳಿಗೆ ನಾನೇ ಗಂಡು ಗೊತ್ತು ಮಾಡಿದ್ದೆ. ಚಳ್ಳಕೆರೆಯ ಸರ್ಕಾರಿ ಗುಮಾಸ್ತ, ಸ್ವಂತ ಮನೆ. ಆದರೆ ದೇವಿಯ ಹೂ ಕೇಳದೆ ಅವ್ವ ಒಪ್ಪುವಂತಿರಲಿಲ್ಲ. ಮದುವೆಯ ಹುಡುಗಿ ಕಲ್ಲಿನ ದೇವಿಯ ಮೈ ತೊಳೆಯುತ್ತಾಳೆ, ಒದ್ದೆಯಾದ ಎರಡೂ ಭುಜಗಳಿಗೆ ಪೂಜಾರಿ ಹೂ ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಮದುವೆ, ಎಡದ್ದು ಬಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು.

ನನ್ನ ಗುಮಾನಿಯೆಲ್ಲ ಪೂಜಾರಿಯ ಮೇಲೆ. ತನ್ನ ತಂಗಿಯ ಮಗನಿಗೆ ಇವಳನ್ನು ತಂದುಕೊಳ್ಳುವ ಆಸೆ ಅವನಿಗಿತ್ತು. ಹೂ ಕೇಳುವ ದಿನ, ಏನಾಗುತ್ತದೋ ಎಂಬ ಭಯಕ್ಕೆ ಅವ್ವ ಗುಡಿಯ ಹೊರಗಿನ ಕಟ್ಟೆಯ ಮೇಲೆಯೇ ಕೂತಳು. ಒಳಗೆ ನಾನು ರೋಮಿನ ಕೋಳಿ ಕಾಯುವವನನ್ನೇ ಹಿಡಿಯಲು ಬಂದವನಂತೆ ಪೂಜಾರಿಯ ಬೆರಳುಗಳಿಂದ ಕಣ್ಣು ಕೀಳಲಿಲ್ಲ.

ಎಡದ ಹೂ ಬಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. “ಏನ್ ಮಾವ, ಕೈಚಳಕ ಜೋರೈತಲ್ಲ?” ಎಂದೆ.

“ನನ್ಯಾಕ್ ಅಂತೀಯಪ್ಪ? ನಾನು ಹೂ ಇಟ್ಟಿದ್ದಷ್ಟೇ. ತಾಯಿ ಮೈ ತೊಳ್ದು ಒರೆಸಿದ್ದು ನಿನ್ ತಂಗಿ,” ಎಂದ ಪೂಜಾರಿ.

ಬಗ್ಗಿ ನೋಡಿದೆ. ದೇವಿಯ ಬಲಭುಜದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎಡಭುಜದಲ್ಲಿ ಪಸೆಯೇ ಇರಲಿಲ್ಲ. ತಂಗಿಯ ಸೆರಗಿನ ತುದಿ ಒದ್ದೆಯಾಗಿತ್ತು.

ಅವಳು ತಲೆ ತಗ್ಗಿಸಲಿಲ್ಲ. “ನೀನು ಅವ್ವನ್ ಕೇಳ್ದೆ, ಹೂ ಕೇಳ್ದೆ. ನನ್ ಒಂದ್ ಮಾತು ಕೇಳಿದ್ಯಾ ಅಣ್ಣ?”

ನನಗೆ ನಾಚಿಕೆಯಾಯಿತು. ಊರವರ ಮೇಲೆಲ್ಲ ಕಣ್ಣಿಟ್ಟಿದ್ದವನು, ಗಂಡಿನ ವಿಷಯ ಎತ್ತಿದಾಗ ಇವಳ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಪೂಜಾರಿ ನನ್ನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದ.

“ಏನಂದ್ಲಪ್ಪಾ ತಾಯಿ?” ಹೊರಗಿನಿಂದ ಅವ್ವ ಕೇಳಿದಳು.

“ತಾಯಿಗೆ ಈ ಗಂಡು ಬ್ಯಾಡಂತೆ ಕಣವ್ವಾ,” ಎಂದು ಕೂಗಿ ಹೇಳಿದೆ.

ಅವ್ವ ನಂಬಿದಳು.