ಲೇಡಿ ಪದಕ್ಕಾಗಿ ನಾದಿದ ಹಿಟ್ಟು

ನಮ್ಮ ಭಾವ ಶಾಲೆಯ ಮಕ್ಕಳಿಗೆಂದು ಇಂಗ್ಲಿಷ್ ಪದಗಳ ನಿಘಂಟು ಬರೆಯಲು ಹಿಡಿದು ಒಂಬತ್ತು ವರ್ಷವಾಗಿತ್ತು. ಎಲ್ ಅಕ್ಷರಕ್ಕೆ ಬಂದಿದ್ದರು. ಪದದ ಹಿಂದಿರುವ ಕೆಲಸವನ್ನು ಕೈಯಾರೆ ಮಾಡಿ ನೋಡದೆ ಅರ್ಥ ಬರೆಯುವವರಲ್ಲ ಅವರು. ಹಿಂದಿನ ವಾರ ಲ್ಯಾಡರ್ ಪದಕ್ಕೆಂದು ಏಣಿ ಹತ್ತಿ ಸೊಂಟ ಉಳುಕಿಸಿಕೊಂಡಿದ್ದರು. ಎಣ್ಣೆ ತಿಕ್ಕಿದವಳು ನನ್ನಕ್ಕ.

ಆ ದಿನದ ಪದ ಲೇಡಿ. ಹಳೆಯ ಇಂಗ್ಲಿಷಿನಲ್ಲಿ ಅದು ಎರಡು ಪದಗಳ ಜೋಡಣೆಯಂತೆ: ಬ್ರೆಡ್ಡು, ಮತ್ತು ಹಿಟ್ಟು ನಾದುವವಳು. ಆಮೇಲೆ ಮನೆಯೊಡತಿ ಎಂದಾಯಿತು, ಆಮೇಲೆ ದೊಡ್ಡ ಮನೆತನದವಳು. ಈಗ ಯಾವ ಹೆಂಗಸಿಗಾದರೂ ಅನ್ನಬಹುದು. ನಾದುವವಳು ಒಡತಿಯಾದದ್ದು ಹೇಗೆ ಎಂಬಲ್ಲಿ ಭಾವನ ಗಾಡಿ ನಿಂತಿತು. ಬೆಳಿಗ್ಗೆ ಎಂಟಕ್ಕೇ ಅಡುಗೆಮನೆ ಹಿಡಿದು ಮೈದಾ ಕಲಸತೊಡಗಿದರು.

ಹನ್ನೊಂದಕ್ಕೆ ಮುದ್ರಣಾಲಯದವನು ಬಂದು ಕುಳಿತ. "ಸರ್, ನಾಲ್ಕು ಗಂಟೆಗೆ ಈ ಪುಟ ಬರದಿದ್ರೆ ಉಳಿದ ಅಕ್ಷರ ಎಲ್ಲಾ ಬೇರೆಯವರಿಗೆ ಕೊಡ್ತಾರಂತೆ ನಮ್ಮ ಯಜಮಾನ್ರು."

"ಕೇಳಿಸ್ತಾ ರೀ?" ಅಂದಳು ಅಕ್ಕ. "ಒಂಬತ್ತು ವರ್ಷ ಮನೆ ತುಂಬ ಚೀಟಿ ಹರಡಿದ್ದು ಇದಕ್ಕೇನಾ?"

"ಎಷ್ಟು ಹೊತ್ತು ನಾದಿದ್ರೆ ಒಡೆತನ ಬರುತ್ತೆ ಅಂತ ನೋಡ್ತಿದೀನಿ ಕಣೇ."

"ಇಪ್ಪತ್ತೆಂಟು ವರ್ಷದಿಂದ ನಾದ್ತಿದೀನಿ. ಬಂದಾಗ ಹೇಳ್ತೀನಿ."

ಅವರ ಮೊಣಕೈವರೆಗೆ ಹಿಟ್ಟು. ಕನ್ನಡಕಕ್ಕೆ, ಪ್ರೂಫ್ ಹಾಳೆಗೆ, ಬಾಗಿಲ ಚಿಲಕಕ್ಕೂ ಹಿಟ್ಟು. ದೇವರು ಅಕ್ಕನಿಗೆ ತಾಳ್ಮೆಯನ್ನು ಧಾರಾಳವಾಗಿಯೇ ಕೊಟ್ಟಿದ್ದಾನೆ, ಆದರೆ ಅಂದು ಡಬ್ಬಿಯ ತಳ ಕಾಣುತ್ತಿತ್ತು. ಭಾವನನ್ನು ಪಕ್ಕಕ್ಕೆ ಸರಿಸಿ, ಹಿಟ್ಟನ್ನು ತಾನೇ ಹದಕ್ಕೆ ತಂದು, ಉಬ್ಬಲು ಬಿಟ್ಟು, ಬೇಯಿಸಿದಳು. ಆಗಲೇ ಮೂರು ಗಂಟೆ. ಯಾರ ಊಟವೂ ಆಗಿರಲಿಲ್ಲ.

ಬಿಸಿ ಬ್ರೆಡ್ಡನ್ನು ಕತ್ತರಿಸಿ ಮೊದಲ ತುಂಡನ್ನು ಮುದ್ರಣಾಲಯದವನಿಗೆ ಕೊಟ್ಟಳು, ಎರಡನೆಯದನ್ನು ನನಗೆ. ಭಾವ ತಟ್ಟೆ ಚಾಚಿದರು.

"ನಿಮಗೆ ಬರೆದಾದ ಮೇಲೆ."

"ಹೊಟ್ಟೆ ಹಸೀತಿದೆ ಕಣೇ."

"ಹಸೀಲಿ."

ಭಾವ ತಮ್ಮ ಖಾಲಿ ತಟ್ಟೆಯನ್ನು ನೋಡಿದರು, ಅಕ್ಕನ ಕೈಯ ಚಾಕುವನ್ನು ನೋಡಿದರು. ತಟ್ಟೆ ಕೆಳಗಿಟ್ಟು ಪೆನ್ನು ಹುಡುಕಿ, ಹಿಟ್ಟು ಮೆತ್ತಿದ ಬೆರಳಲ್ಲೇ ಬರೆದರು: 'ಮೊದಲು, ಬ್ರೆಡ್ಡಿನ ಹಿಟ್ಟು ನಾದುವವಳು. ಆದ್ದರಿಂದ, ಯಾರಿಗೆ ಯಾವಾಗ ಎಷ್ಟು ಎಂದು ಹೇಳುವವಳು. ಮನೆಯೊಡತಿ.'

ಮೂರೂ ಮುಕ್ಕಾಲಿಗೆ ಪುಟ ಮುದ್ರಣಾಲಯದ ದಾರಿ ಹಿಡಿಯಿತು. ಭಾವನಿಗೆ ಅವರ ತುಂಡು ಸಿಕ್ಕಿತು. ಅಕ್ಕ ಉಸ್ಸೆಂದು ಕುಳಿತು ತನ್ನದಕ್ಕೆ ಕೈಹಾಕಿದಳು. ಅಷ್ಟರಲ್ಲಿ ಭಾವ ಮುಂದಿನ ಚೀಟಿ ತೆಗೆದಿದ್ದರು: ಲೇಕ್.

"ಏನಮ್ಮಾ, ಇಲ್ಲಿಂದ ಕೆರೆ ಎಷ್ಟು ದೂರ ಆಗುತ್ತೆ?" ಎಂದು ನನ್ನನ್ನು ಕೇಳಿದರು. ಅವರಿಗೆ ಈಜು ಬರುವುದಿಲ್ಲ.

"ಟವೆಲ್ ಸಿಗಲ್ಲ," ಅಂದಳು ಅಕ್ಕ, ಬಾಯಲ್ಲಿ ಬ್ರೆಡ್ಡಿಟ್ಟುಕೊಂಡೇ.