ಬಾಜೂಮನೆಯ ನಾಲ್ಕು ಓಮಿನ ಪೆಟ್ಟಿಗೆಗಳು

ಬಿಸಿಯಾದ ಆಂಪ್ಲಿಫೈಯರಿಗೆ ಅದರದೇ ಒಂದು ವಾಸನೆ ಇದೆ. ಮೇಲಿನ ಜಾಲರಿಯಲ್ಲಿ ಕೂತ ಧೂಳು ಕಾದು, ಒಳಗಿನ ತಂತಿ ಬೆಚ್ಚಗಾಗಿ, ಇಸ್ತ್ರಿ ಮಾಡುವಾಗ ಅಂಗಿ ಇನ್ನೇನು ಸುಟ್ಟೇಹೋಯಿತು ಅನ್ನುವ ಹೊತ್ತಿಗೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಹೋದ ವಾರ ಪೀರನವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ವಾಸನೆ ಎದ್ದಾಗ ಗಡಬಡಿಸಿ ಸ್ವಿಚ್ಚು ಆರಿಸಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬಾಜೂಮನೆಯವನು ನೆನಪಾಗಿದ್ದ... ಬೆನ್ನಿಗೇ ಅವನ ಮೇಲಿನ ಹೊಟ್ಟೆಕಿಚ್ಚೂ ಬಂತು. ಮನುಷ್ಯ ತೀರಿಕೊಂಡು ವರ್ಷವಾಗುತ್ತ ಬಂದರೂ ಅದು ಮಾತ್ರ ತೀರಿಲ್ಲ.

ಅವನು ಖಾನಾಪುರದವನು. ಬೆಳಗಾವಿಯ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ, ನಮ್ಮ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಿದ್ದ. ನನಗಿಂತ ಸ್ವಲ್ಪ ಚಿಕ್ಕವನು. ಗಂಡಹೆಂಡತಿ ತಮ್ಮೊಳಗೆ ಮಾತಾಡುವುದು ಮರಾಠಿ, ನಮ್ಮೊಂದಿಗೆ ಕನ್ನಡ. ಸಾಮಾನು ತಂದ ದಿನ ಟೆಂಪೋದಿಂದ ಎಲ್ಲಕ್ಕಿಂತ ಮೊದಲು ಇಳಿದದ್ದು ಎರಡು ಸ್ಪೀಕರ್ ಪೆಟ್ಟಿಗೆಗಳು. ಖಾನಾಪುರದ ಸಾಗವಾನಿ ಹಲಗೆಯಲ್ಲಿ ಎದುರಿಗೆ ನಿಂತು ಮಾಡಿಸಿದ್ದವು. ಒಂದೊಂದಕ್ಕೂ ಇಬ್ಬರು ಕೈಹಚ್ಚಬೇಕಾಯಿತು. ಅಪ್ಪ ಕಂಪೌಂಡ್ ಗೋಡೆಗೆ ಆತು ನಿಂತು ನೋಡುತ್ತಿದ್ದರು. ಮರುದಿನ ಸಂಜೆ ಆ ಮನೆಯಿಂದ ವಚನಗಾಯನ ಕೇಳಿಬಂತು. ಚಪ್ಪಲಿ ಮೆಟ್ಟಿಕೊಂಡು ಹೊರಟ ಅಪ್ಪ, ರೊಟ್ಟಿ ಆರಿಹೋದ ಮೇಲೆ ತಿರುಗಿ ಬಂದರು.

ಅಪ್ಪನಿಗೆ ಹಾಡು ಹಿಡಿಸಿತೆಂದು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಹಿಡಿಸಿದರೆ ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಪಕ್ಕದಲ್ಲಿಡುತ್ತಾರೆ. ಮಠದ ಭಜನೆಯಿರಲಿ, ಮದುವೆಯ ಹಾಡಿರಲಿ, ಟೊಪ್ಪಿಗೆ ಇಳಿಯಿತು ಅಂದರೆ ಹಾಡಿದವರು ಗೆದ್ದರು. ಒಂದು ಸಂಜೆ ಊಟಕ್ಕೆ ಕರೆಯಲು ಹೋದವನು ಕಿಟಕಿಯಲ್ಲಿ ಇಣುಕಿದೆ. ಟೊಪ್ಪಿಗೆ ಸಾಗವಾನಿ ಪೆಟ್ಟಿಗೆಯ ಮೇಲಿತ್ತು. ಅಪ್ಪ ಬೋಳುತಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

ನಮ್ಮ ಮನೆಯಲ್ಲೇನು ಹಾಡಿರಲಿಲ್ಲವೇ? ಮಚ್ಛೆಯ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ನಾನು ಹಬ್ಬದ ಬೋನಸ್ ಬಂದಾಗ ಅಪ್ಪನಿಗೆಂದೇ ಆಂಪ್ಲಿಫೈಯರ್, ಸ್ಪೀಕರ್ ತಂದಿದ್ದೆ. ಅಪ್ಪ ಒಂದು ಹಾಡು ಕೇಳಿ "ಛಲೋ ಐತಿ" ಅಂದಿದ್ದರು, ಬೀಗರ ಹುಡುಗ ಪಾಸಾದ ಎಂದು ಯಾರೋ ಹೇಳಿದಾಗ ಅನ್ನುವ ಹಾಗೆ. ಟೊಪ್ಪಿಗೆ ಅಲುಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡು ಸುಮ್ಮನಿದ್ದೆ. ಆದರೆ ಅಪ್ಪ ದಿನಾ ಸಂಜೆ ಬಾಜೂಮನೆಯ ದಾರಿ ಹಿಡಿದ ಮೇಲೆ ತಡೆಯಲಾಗಲಿಲ್ಲ. ಅಲ್ಲಿ ಅಂಥಾದ್ದೇನಿದೆ ಎಂದು ಕೇಳಿಯೇಬಿಟ್ಟೆ.

"ಅಲ್ಲಿ ಹಾಡಾಂವಾ ಒಳಗ ಬಂದು ಮುಂದ ಕುಂದರತಾನ. ನಮ್ಮನ್ಯಾಗ ಬಾಗಲದಾಗ ನಿಂತು ಹಾಡತಾನ," ಅಂದರು ಅಪ್ಪ.

ಮೈ ಉರಿಯಿತು. ಹಾಡಿನದಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅವನು ಒಂದೊಂದು ವಚನದ ಅರ್ಥ ಕೇಳುತ್ತಿದ್ದನಂತೆ, ಅಪ್ಪ ಬಿಡಿಸಿ ಹೇಳುತ್ತಿದ್ದರಂತೆ. ಪ್ರತಿಯಾಗಿ ಅವನು ಅಭಂಗ ಹಾಕಿ ಮರಾಠಿಯ ಅರ್ಥ ಹೇಳುತ್ತಿದ್ದ. ನನಗೆ ಅಪ್ಪ ಎಂದೂ ಒಂದು ವಚನ ಬಿಡಿಸಿ ಹೇಳಿದವರಲ್ಲ. ಅವನನ್ನು ಬಾಯಿ ತುಂಬ "ತಮ್ಮಾ" ಅನ್ನುತ್ತಿದ್ದರು. ಹೆತ್ತ ಮಗನಾದ ನಾನು ಮೊದಲಿನಿಂದಲೂ ಬರೀ "ಏ ಇವನ." ಮಾವನವರ ರೇಶನ್ ಕಾರ್ಡನ್ನೂ ಆಚೆ ಮನೆಗೇ ಬರೆಸಿಬಿಡಿ ಎಂದು ನನ್ನ ಹೆಂಡತಿ ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದಳು. ಆ ಮನುಷ್ಯ ಕೆಟ್ಟವನಾದರೂ ಆಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಬೈಯಲು ಒಂದು ನೆಪವನ್ನೂ ಕೊಡಲಿಲ್ಲ.

ಶ್ರಾವಣದಲ್ಲಿ ನಮ್ಮ ಓಣಿಯವರು ಸೋಮವಾರಕ್ಕೊಬ್ಬರಂತೆ ಮನೆಯಲ್ಲಿ ವಚನ ಕೇಳಿ, ಪ್ರಸಾದ ಮಾಡುವ ವಾಡಿಕೆ. ಆ ವರ್ಷ ನಮ್ಮ ಪಾಳಿ ಬಂತು. ಬಾಜೂಮನೆಯ ಪೆಟ್ಟಿಗೆಗಳನ್ನು ತರಿಸೋಣ ಎಂದು ಅಪ್ಪ ಹಟ ಹಿಡಿದರು. ಪೆಟ್ಟಿಗೆ ಬರಲಿ, ಆಂಪ್ಲಿಫೈಯರ್ ಮಾತ್ರ ನಮ್ಮದೇ ಎಂದು ನಾನೂ ಹಟ ಹಿಡಿದೆ. ಅವನು ಪೆಟ್ಟಿಗೆಗಳನ್ನು ತಂದಿಟ್ಟು, ನನ್ನ ಆಂಪ್ಲಿಫೈಯರನ್ನು ತಿರುಗಿಸಿ ಹಿಂಬದಿಯ ಅಕ್ಷರ ಓದಿದ. ನನ್ನದು ಎಂಟು ಓಮಿನ ಸ್ಪೀಕರುಗಳಿಗೆಂದು ಮಾಡಿದ್ದು, ಅವನವು ನಾಲ್ಕು ಓಮಿನವು. ಓಮ್ ಅಂದರೆ ಸ್ಪೀಕರ್ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. ತಡೆ ಕಡಿಮೆಯಾದಷ್ಟೂ ಅದು ಆಂಪ್ಲಿಫೈಯರಿನಿಂದ ಹೆಚ್ಚು ಕರೆಂಟು ಎಳೆಯುತ್ತದೆ ಎಂದು ಸಮಾಧಾನವಾಗಿ ಹೇಳಿದ.

"ದನಿ ಸಣ್ಣಗ ಇಟ್ರ ಹೆಂಗರೆ ನಡೀತೈತ್ರಿ ಅಣ್ಣಾರ. ಆದ್ರ ನಿಮ್ಮವು ನಮ್ಮವು ಕೂಡೇ ಹಚ್ಚಬ್ಯಾಡ್ರಿ. ಎಲ್ಲಾ ನಳಾ ಒಮ್ಮೆಲೇ ಬಿಟ್ರ ಮ್ಯಾಲಿನ ಟಾಕಿ ತಡಿಯೂದಿಲ್ಲ."

ಬೆಳಗಾವಿಯಲ್ಲಿ ನೀರು ಕಾದು ಕೂತವರಿಗೆ ಟಾಕಿಯ ಮಾತು ಎರಡು ಸಲ ಹೇಳಬೇಕಾಗಿಲ್ಲ. ತಿಳಿಯಿತು. ಆದರೆ ಅವನು ಸ್ನಾನಕ್ಕೆಂದು ಹೋದ ಮೇಲೆ, ನನ್ನ ಸ್ಪೀಕರುಗಳು ಮೂಲೆಯಲ್ಲಿ ಚಾದರ ಹೊದ್ದು ಕೂತದ್ದು ಕಣ್ಣಿಗೆ ಬಿತ್ತು. ನನ್ನ ಮನೆ, ನನ್ನ ಪಾಳಿ, ನನ್ನ ಅಪ್ಪ, ದನಿ ಮಾತ್ರ ಅವನದು! ಚಾದರ ಎಳೆದು ಒಗೆದೆ. ನನ್ನ ಜೋಡಿಯನ್ನೂ ಅದೇ ಆಂಪ್ಲಿಫೈಯರಿಗೆ ಹಚ್ಚಿ, ಎರಡೂ ಜೋಡಿಗಳ ಗುಂಡಿ ಒತ್ತಿಟ್ಟೆ.

ಮಂದಿ ಸೇರಿದರು. ಆಲಾಪ ಸುರುವಾಯಿತು. ಪಡಸಾಲೆ ತುಂಬುವಂತೆ ದನಿ ಏರಿಸಿದೆ. ಅಪ್ಪ ಕಣ್ಣು ಮುಚ್ಚಿದರು, ಅವರ ಕೈ ನಿಧಾನಕ್ಕೆ ಟೊಪ್ಪಿಗೆಯ ಕಡೆ ಹೋಯಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಬೆರಳು ಟೊಪ್ಪಿಗೆಗೆ ತಾಗುವುದಕ್ಕೂ ತಬಲಾದ ಡಗ್ಗಾ ಗುಮ್ಮೆನ್ನುವುದಕ್ಕೂ ಸರಿಹೋಯಿತು. ಆಂಪ್ಲಿಫೈಯರಿನೊಳಗೆ ಟಕ್ ಎಂದಿತು. ಎಲ್ಲ ಗಪ್. ಆಗ ಈ ವಾಸನೆ ಎದ್ದಿತು... ಅಪ್ಪನ ಕೈ ಟೊಪ್ಪಿಗೆಯನ್ನು ಸರಿಯಾಗಿ ಒತ್ತಿ ಕೂರಿಸಿ ಕೆಳಗಿಳಿಯಿತು.

ಅವನು ಎದ್ದು ಬಂದ. ಎರಡು ಜೋಡಿ ವಾಯರುಗಳನ್ನು ನೋಡಿದ. ನನ್ನ ಜೋಡಿಯನ್ನು ಬಿಚ್ಚಿಟ್ಟು, ಮನೆಗೆ ಹೋಗಿ, ಕಂಪೌಂಡ್ ಗೋಡೆಯ ಮೇಲಿಂದ ತನ್ನ ಆಂಪ್ಲಿಫೈಯರ್ ಇಳಿಸಿಕೊಂಡು ಬಂದು ಹಚ್ಚಿದ. ಅಪ್ಪ ಹೇಳಿದ್ದ ಹಾಗೇ ಹಾಡುವವನು ಒಳಗೆ ಬಂದು ಮುಂದೆ ಕೂತ. ಟೊಪ್ಪಿಗೆ ಇಳಿದು ಪೆಟ್ಟಿಗೆಯ ಮೇಲೆ ಹೋಯಿತು. ಪ್ರಸಾದಕ್ಕೆ ಕೂತಾಗ ಅಪ್ಪ ಓಣಿಯವರೆಲ್ಲರ ಎದುರು ಅಂದರು:

"ಈ ತಮ್ಮಾ ನಮ್ಮ ಮನ್ಯಾಗ ಹುಟ್ಟಬೇಕಾಗಿತ್ತು ನೋಡ್ರಿ."

ಆಗ ಹುಗ್ಗಿಯ ಸೌಟು ನನ್ನ ಕೈಯಲ್ಲೇ ಇತ್ತು. ಅವನ ತಾಟಿಗೆ ಹುಗ್ಗಿ ಬಡಿಸಿದೆ, ತುಪ್ಪ ಬಡಿಸಲಿಲ್ಲ. ಅವನು ಕೇಳಲೂ ಇಲ್ಲ.

ಮುಂದೆ ಅವನಿಗೆ ಖಾನಾಪುರದ ಕಾಲೇಜಿನಲ್ಲೇ ಕೆಲಸ ಸಿಕ್ಕಿತು, ಮನೆ ಬಿಟ್ಟ. ಪೀಡೆ ತೊಲಗಿತು ಎಂದು ನಾನು ನಿರಾಳವಾದೆ. ಮೊದಲ ರವಿವಾರವೇ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದರು. ರವಿವಾರಕ್ಕೊಮ್ಮೆಯ ಆ ಓಡಾಟ ನಿಂತದ್ದು ಹೋದ ವರ್ಷ, ಪಾಠ ಮಾಡುತ್ತಿದ್ದವನಿಗೆ ಎದೆನೋವು ಬಂದು, ಬೆಳಗಾವಿಯ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಾಗ. ಅಪ್ಪನ ಕೈ ಹಿಡಿದು ಮಣ್ಣಿಗೆ ಹೋಗಿ ಬಂದೆ. ಆಮೇಲೆ ನಮ್ಮಲ್ಲಿ ಯಾರೂ ಹಾಡು ಹಚ್ಚಲಿಲ್ಲ.

ಹೋದ ವಾರ ಅವನ ಹೆಂಡತಿ, ನಾವು ವೈನಿ ಅನ್ನುವವರು, ಫೋನ್ ಮಾಡಿದರು. ಆಂಪ್ಲಿಫೈಯರ್ ಅವನ ಕಾಲೇಜಿನ ಲ್ಯಾಬಿಗೆ ಹೋಯಿತಂತೆ. ಪೆಟ್ಟಿಗೆಗಳು ಅಪ್ಪನವರ ಮುಂದೆಯೇ ಇರಲಿ ಅಂದರು. ಟೆಂಪೋ ಮಾಡಿಕೊಂಡು ಹೋಗಿ ತಂದೆ. ಉತ್ಸಾಹ ತಡೆಯದೆ, ಆವತ್ತು ಕಾದು ನಿಂತರೂ ಸುಟ್ಟುಹೋಗದೆ ಉಳಿದಿದ್ದ ನನ್ನ ಹಳೆಯ ಆಂಪ್ಲಿಫೈಯರಿಗೇ ಹಚ್ಚಿ ದನಿ ಏರಿಸಿದೆ... ಅದೇ ವಾಸನೆ.

ಮರುದಿನವೇ ಬೆಳಗಾವಿಯ ಅಂಗಡಿಗಳನ್ನು ಸುತ್ತಿದೆ. ಎಲ್ಲಿ ಹೋದರೂ ಇಷ್ಟು ವ್ಯಾಟ್, ಅಷ್ಟು ವ್ಯಾಟ್ ಅನ್ನುವುದೇ ಮಾತು. ವ್ಯಾಟ್ ಇರಲಿ, ನಾಲ್ಕು ಓಮಿನ ಸ್ಪೀಕರಿಗೆ ನಡೆಯುತ್ತದೆ ಎಂದು ಬರೆದದ್ದನ್ನು ತೋರಿಸಿ, ತಾಸುಗಟ್ಟಲೆ ನಡೆಸಿದರೆ ಎಷ್ಟು ಕಾಯುತ್ತದೆ ಹೇಳಿ ಎಂದು ಕೇಳಿದೆ. ಇದೆಲ್ಲ ಎಲ್ಲಿ ಕಲಿತಿರಿ ಎಂದು ಅಂಗಡಿಯವನು ನಕ್ಕ. ಬಾಜೂಮನೆಯವರು ಹೇಳಿಕೊಟ್ಟಿದ್ದರು ಅಂದೆ. ಅವನು ಬದುಕಿದ್ದಾಗ ಅವನ ಬಗ್ಗೆ ಅಷ್ಟು ಮರ್ಯಾದೆಯ ಮಾತು ನನ್ನ ಬಾಯಿಂದ ಬಂದಿರಲಿಕ್ಕಿಲ್ಲ.

ನಿನ್ನೆ ಸಂಜೆ ಹೊಸದನ್ನು ಜೋಡಿಸಿ ಅಪ್ಪನನ್ನು ಕೂರಿಸಿದೆ. ಆಲಾಪ ಮುಗಿದು ಡಗ್ಗಾ ಬಂತು. ನನ್ನ ಎದೆ ಹೊಡೆದುಕೊಂಡಿತು, ಆಂಪ್ಲಿಫೈಯರ್ ಮಾತ್ರ ಹೆದರಲಿಲ್ಲ. ಮೇಲೆ ಅಂಗೈ ಇಟ್ಟು ನೋಡಿದೆ, ಬರೀ ಉಗುರುಬೆಚ್ಚಗೆ. ಹಾಡುವವನು ಬಾಗಿಲು ದಾಟಿ ನಮ್ಮ ಪಡಸಾಲೆಯಲ್ಲಿ ಕೂತಿದ್ದ. ಅಪ್ಪ ಟೊಪ್ಪಿಗೆ ತೆಗೆದರು, ತುಸು ಬಾಗಿ ಪೆಟ್ಟಿಗೆಯ ಮೇಲಿಟ್ಟರು, ಕಣ್ಣು ಮುಚ್ಚಿದರು. ಇದನ್ನು ನನ್ನ ಮನೆಯಲ್ಲಿ ನೋಡಬೇಕೆಂದು ಎಷ್ಟು ಕಾದಿದ್ದೆ.

"ತಮ್ಮಾ, ದನಿ ಒಂಚೂರು ಸಣ್ಣ ಮಾಡು," ಅಂದರು ಅಪ್ಪ, ಕಣ್ಣು ತೆರೆಯದೆ.

ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಎದ್ದು ಹೋಗಿ ದನಿ ಸಣ್ಣ ಮಾಡಿದೆ.